ಎಂಟೆರಡ್ಲ ಹದಿನೈದು

ಹೋದ ತಿಂಗಳು ಶ್ವೇತಾ ಫೋನ್ ಮಾಡಿದ್ದಳು. ಹೈಸ್ಕೂಲು ಮಕ್ಕಳ ಗಣಿತ ಸ್ಪರ್ಧೆಯ ಪ್ರಶ್ನೆಪತ್ರಿಕೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಈಗ ಅವಳದು. ನಾನು ನಿವೃತ್ತಳಾಗುವವರೆಗೆ ಅದು ನನ್ನದಾಗಿತ್ತು. "ಆಂಟಿ, ಪೇಪರ್ ನಿಮ್ಮ ಮೊಬೈಲಿಗೆ ಭೇಜಿದೀನಿ. ಬಸ್ ಒಂದ್ ಸಲ ನೋಡಿಬಿಡಿ ನಾ" ಅಂದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಹಾಗೇ. ಆದರೆ ಗಣಿತದಲ್ಲಿ ಗಟ್ಟಿಗಿತ್ತಿ.

ನೋಡಿದೆ. ಮೊದಲನೆಯ ಪ್ರಶ್ನೆ ಹೀಗಿತ್ತು: "ಯಾವುದೇ ಐದು ವಿಚಿತ್ರ ಸಂಖ್ಯೆಗಳ ಮೊತ್ತ ಸಮ ಸಂಖ್ಯೆ ಆಗಲಾರದು ಎಂದು ಸಾಧಿಸಿ." ವಿಚಿತ್ರ ಸಂಖ್ಯೆ ಯಾವುದಪ್ಪಾ ಎಂದು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಆಮೇಲೆ ಹೊಳೆಯಿತು, ಇಂಗ್ಲಿಷಿನ 'ಆಡ್', ಬೆಸ ಸಂಖ್ಯೆ. ಮೊಬೈಲಿನ ಅನುವಾದದ ಯಂತ್ರಕ್ಕೆ ಬೆಸ ಅನ್ನುವುದು ವಿಚಿತ್ರವಾಗಿ ಕಂಡಿದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಫೋನ್ ಮಾಡಿ ಹೇಳಿದೆ. ಅವಳೂ ನಕ್ಕಳು. ಆಮೇಲೆ, "ಆಂಟಿ, ನೀವು ಇಷ್ಟು ವರ್ಷ ಮಾಡಿದೀರಿ. ರೂಲ್ಸ್ ಥರ ಏನಾದರೂ ಬರೆದುಕೊಡಿ, ನಮಗೆಲ್ಲ ಹೆಲ್ಪ್ ಆಗುತ್ತೆ" ಅಂದಳು.

ಹೂಂ ಅಂದುಬಿಟ್ಟೆ. ಆಂಟಾಪ್ ಹಿಲ್ಲಿನ ನಮ್ಮ ಕಾಲೊನಿಯ ಮೂರನೇ ಮಾಳಿಗೆಯ ಮನೆಯಲ್ಲಿ ಕೂತು ನಾಲ್ಕು ದಿನ ಯೋಚಿಸಿದೆ. ಒಂದು ರೂಲೂ ಹೊಳೆಯಲಿಲ್ಲ. ಹೊಳೆದದ್ದೆಲ್ಲ ನಾನು ಮಾಡಿದ ಎಡವಟ್ಟುಗಳೇ. ಅವನ್ನೇ ಬರೆಯುತ್ತೇನೆ ಶ್ವೇತಾ. ಇದರಲ್ಲಿ ನೀತಿ ಹುಡುಕಬೇಡ, ನನಗೇ ಸಿಕ್ಕಿಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಆಗ ಹಗಲು ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಗಣಿತದ ಟೀಚರ್. ಶನಿವಾರ ಮಧ್ಯಾಹ್ನ ಗ್ರಾಂಟ್ ರೋಡಿನಲ್ಲಿ ಗಣಿತದ ಮೇಷ್ಟರುಗಳ ಒಂದು ಮಂಡಳದ ಆಫೀಸು. ಹಳೇ ಕಟ್ಟಡ, ಕೆಳಗೆ ಉಡುಪಿ ಹೋಟೆಲು, ಮೇಲೆ ನಾವು. ಸಾಂಬಾರಿನ ಒಗ್ಗರಣೆ ವಾಸನೆಯಲ್ಲೇ ನಾವು ತ್ರಿಕೋನಗಳನ್ನು ಸಾಧಿಸುತ್ತಿದ್ದದ್ದು. ಮಂಡಳದ ಮುಖ್ಯಸ್ಥರು ಲೇಲೆ ಸರ್, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಎಂಟು ಮತ್ತು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅವರು ಇಂಗ್ಲಿಷಿನಲ್ಲಿ ಆರು ಪ್ರಶ್ನೆ ಬರೆಯುತ್ತಿದ್ದರು. ಮರಾಠಿಗೆ ಒಬ್ಬರು, ಗುಜರಾತಿಗೆ ಒಬ್ಬರು, ಹಿಂದಿಗೆ ಒಬ್ಬರು, ಕನ್ನಡಕ್ಕೆ ನಾನು. ಅನುವಾದಿಸಿದವರೇ ಆ ಭಾಷೆಯ ಉತ್ತರ ಪತ್ರಿಕೆಗಳನ್ನೂ ತಿದ್ದಬೇಕು. ಮೇಲೆ ಬಂದ ಮೂವತ್ತು ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಹತ್ತು ದಿನದ ಕ್ಯಾಂಪು. ಆ ಕ್ಯಾಂಪಿಗೆ ಹೋದ ಮಗುವಿಗೆ ಮುಂದೆ ಒಳ್ಳೆಯ ಕಾಲೇಜಿನ ಮೇಷ್ಟರುಗಳ ಕಣ್ಣು ಬೀಳುತ್ತಿತ್ತು. ಅದಕ್ಕೇ ಎಲ್ಲರಿಗೂ ಆ ಮೂವತ್ತರಲ್ಲಿ ಒಂದು ಜಾಗ ಬೇಕು.

ಸ್ಟೆನ್ಸಿಲ್ ಕಾಗದದ ಮೇಲೆ ಕೈಯಲ್ಲಿ ಕೊರೆಯುವ ಕಾಲದಲ್ಲಿ ನಾನು ಸೇರಿದೆ. ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆ ಹೋಯಿತು. ಆಮೇಲೆ ಕಂಪ್ಯೂಟರ್ ಬಂತು. ಅದರಲ್ಲಿ ಒತ್ತಕ್ಷರಗಳು ಹಾರಿಹೋಗಿ 'ತ್ರಿಜ್ಯ' ಅನ್ನುವುದು 'ತರಿಜಯ' ಆಗುತ್ತಿತ್ತು. ಈಗ ಮೊಬೈಲು, ವಿಚಿತ್ರ ಸಂಖ್ಯೆ. ಯಂತ್ರ ಮಾಡುವ ತಪ್ಪು ಕಣ್ಣಿಗೆ ಹೊಡೆದು ಕಾಣುತ್ತದೆ, ನಗುತ್ತೇವೆ, ತಿದ್ದುತ್ತೇವೆ. ಮನುಷ್ಯರು ಮಾಡುವ ತಪ್ಪು ಹಾಗೆ ಕಾಣುವುದಿಲ್ಲ.

ಲೇಲೆ ಸರ್ ಮಾತು ಒಂದೇ: "ಗಣಿತಾಲಾ ಭಾಷಾ ನಸತೇ." ಗಣಿತಕ್ಕೆ ಭಾಷೆ ಇಲ್ಲ ಅಂತ. ಇದ್ದದ್ದನ್ನು ಇದ್ದಹಾಗೆ ಇನ್ನೊಂದು ಲಿಪಿಗೆ ಇಳಿಸಿ, ಸಾಕು ಅನ್ನುತ್ತಿದ್ದರು. ನನಗೆ ಅದು ಸರಿಬರಲಿಲ್ಲ. ನಮ್ಮ ಮಕ್ಕಳಿಗೆ ನಮ್ಮ ಪ್ರಪಂಚದ ಲೆಕ್ಕ ಬೇಡವೇ? ಇಂಗ್ಲಿಷಿನಲ್ಲಿ ಜಾನ್ ಸೇಬು ಹಂಚಿದರೆ ನನ್ನಲ್ಲಿ ಶಾಂತಮ್ಮ ಚಕ್ಕುಲಿ ಹಂಚುತ್ತಿದ್ದಳು. ಇದು ನನ್ನ ಹೆಮ್ಮೆ. ಅಲ್ಲೇ ಎಡವಿದ್ದು.

ಮೊದಲ ಸಲ ಎಡವಿದ್ದು ನಮಸ್ಕಾರದಲ್ಲಿ. ಮೂಲದಲ್ಲಿ, ಹತ್ತು ಜನ ಸೇರಿ ಪ್ರತಿಯೊಬ್ಬರೂ ಇನ್ನೊಬ್ಬರ ಕೈ ಕುಲುಕಿದರೆ ಒಟ್ಟು ಎಷ್ಟು ಸಲ ಕೈ ಕುಲುಕಿದ ಹಾಗಾಯಿತು ಎಂದಿತ್ತು. ಉತ್ತರ ನಲವತ್ತೈದು. ನಮ್ಮ ಮಕ್ಕಳ ಮನೆಯಲ್ಲಿ ಯಾರು ಕೈ ಕುಲುಕುತ್ತಾರೆ ಎಂದು ನಾನು ಅದನ್ನು ನಮಸ್ಕಾರ ಮಾಡಿದೆ. ಮಕ್ಕಳೆಲ್ಲ ತೊಂಬತ್ತು ಬರೆದವು. ಸರಿಯೇ, ನಾನು ನಿಮಗೆ ಮಾಡಿದ್ದು ಒಂದು, ನೀವು ನನಗೆ ಮಾಡಿದ್ದು ಇನ್ನೊಂದು. ಕೈ ಕುಲುಕುವುದು ಇಬ್ಬರಿಗೂ ಸೇರಿ ಒಂದೇ, ನಮಸ್ಕಾರ ಎರಡು. ನನಗೆ ಮುಖ ಎತ್ತಲಾಗಲಿಲ್ಲ. ಅದರ ನಡುವೆ ಒಂದು ಮಗು ಮಾತ್ರ ನಲವತ್ತೈದು ಬರೆದಿತ್ತು. ಕಾರಣ: "ಚಿಕ್ಕವರು ದೊಡ್ಡವರಿಗೆ ನಮಸ್ಕಾರ ಮಾಡುತ್ತಾರೆ. ದೊಡ್ಡವರು ತಿರುಗಿ ಮಾಡುವುದಿಲ್ಲ, ಆಶೀರ್ವಾದ ಮಾಡುತ್ತಾರೆ." ಈ ಉತ್ತರಕ್ಕೆ ಅಂಕ ಎಷ್ಟು ಕೊಡಬೇಕೆಂದು ನನಗೆ ಗೊತ್ತಾಗಲಿಲ್ಲ. ಪೂರ್ತಿ ಕೊಟ್ಟೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಇವತ್ತಿಗೂ ಗೊತ್ತಿಲ್ಲ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ನಿವೃತ್ತಿಗೆ ಎರಡು ವರ್ಷ ಇದ್ದಾಗಿನ ಮಾತು. ಪತ್ರಿಕೆಯ ಮೊದಲನೆಯ ಪ್ರಶ್ನೆ ಯಾವಾಗಲೂ ಸುಲಭದ್ದು, ಮಕ್ಕಳ ಕೈ ಓಡಲಿ ಅಂತ. ಆ ಸಲ ಎರಡು ಹಡಗುಗಳಿದ್ದವು. ಒಂದು ಹಡಗು ಬಂದರಿಗೆ 8 ದಿನಕ್ಕೊಮ್ಮೆ, ಇನ್ನೊಂದು 15 ದಿನಕ್ಕೊಮ್ಮೆ ಬರುತ್ತದೆ. ಒಂದು ಸೋಮವಾರ ಎರಡೂ ಒಟ್ಟಿಗೆ ಬಂದವು. ಮತ್ತೆ ಎಷ್ಟು ದಿನಕ್ಕೆ, ಯಾವ ವಾರ ಒಟ್ಟಿಗೆ ಬರುತ್ತವೆ? ಎಂಟಕ್ಕೂ ಹದಿನೈದಕ್ಕೂ ಲಸಾಅ ನೂರಿಪ್ಪತ್ತು. ನೂರಿಪ್ಪತ್ತನ್ನು ಏಳರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹಾಗಾಗಿ ನೂರಿಪ್ಪತ್ತು ದಿನಕ್ಕೆ, ಮಂಗಳವಾರ.

ಹಡಗು ಯಾಕೆ ಅಂದುಕೊಂಡೆ. ನಮ್ಮ ಬಿಲ್ಡಿಂಗಿಗೆ ಬರುವ ರದ್ದಿವಾಲಾ ಇದ್ದಾನಲ್ಲ, ಹಳೇ ಪೇಪರ್ ತಗೊಳ್ಳುವವನು. ಚಾಕು ಕತ್ತರಿಗೆ ಸಾಣೆ ಹಿಡಿಯುವವನೂ ಬರುತ್ತಾನೆ. ಬರೆದೆ: "ರದ್ದಿವಾಲಾ ಎಂಟು ದಿನಕ್ಕೊಮ್ಮೆ ಬರುತ್ತಾನೆ. ಸಾಣೆಯವನು ಹದಿನೈದು ದಿನಕ್ಕೊಮ್ಮೆ ಬರುತ್ತಾನೆ." ಅಂಕಿಯಲ್ಲಿ ಬರೆದರೆ ಒಣಗಿದ ಹಾಗಿರುತ್ತದೆ ಎಂದು ಅಕ್ಷರದಲ್ಲೇ ಬರೆದೆ. ಓದಿಕೊಂಡರೆ ನಮ್ಮ ಪಕ್ಕದ ಮನೆಯವರು ಹೇಳಿದ ಹಾಗೇ ಇತ್ತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಉತ್ತರ ಪತ್ರಿಕೆಗಳು ಬಂದವು. ತಿದ್ದುತ್ತಾ ಹೋದೆ. ಸಾಂತಾಕ್ರೂಜಿನ ಕಡೆಯ ಒಂದು ಕನ್ನಡ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿ, ಶರಣಮ್ಮ ಎಂದು ಹೆಸರು. ಮೊದಲನೆಯ ಪ್ರಶ್ನೆಗೆ ಅವಳ ಉತ್ತರ: "ಹದಿನೈದು ದಿನಕ್ಕೆ, ಸೋಮವಾರ. ಯಾಕೆಂದರೆ ಹದಿನೈದು ದಿನದಲ್ಲಿ ಎಂಟು ದಿನ ಎರಡು ಸಲ ಬರುತ್ತದೆ."

ಎಂಟೆರಡ್ಲ ಹದಿನಾರು ಎಂದು ಮೂರನೇ ಕ್ಲಾಸಿನ ಮಗುವೂ ಮಗ್ಗಿ ಹೇಳುತ್ತದೆ. ಇವಳಿಗೆ ಎಂಟೆರಡ್ಲ ಹದಿನೈದು. ಹೋಗಲಿ ಅಂದರೆ ಸೋಮವಾರದಿಂದ ಹದಿನೈದು ದಿನ ಎಣಿಸಿದರೆ ಮಂಗಳವಾರ ಬರುತ್ತದೆ, ಅದೂ ತಪ್ಪು. ನೂರಿಪ್ಪತ್ತು ಇಲ್ಲದ್ದೂ ಸೇರಿ ಎರಡು ಸಾಲಿನಲ್ಲಿ ಮೂರು ತಪ್ಪು. ನನಗೆ ಪತ್ರಿಕೆಯ ಅಂಚಿನಲ್ಲಿ ಷರಾ ಬರೆಯುವ ಚಟ. ಮಕ್ಕಳು ಓದಿ ತಿದ್ದಿಕೊಳ್ಳಲಿ ಅನ್ನುವುದು ನೆಪ, ನಿಜವಾಗಿ ನನ್ನ ಸಿಟ್ಟು ಇಳಿಯಲಿ ಅಂತ. ಸೊನ್ನೆ ಸುತ್ತಿ, ಕೆಂಪು ಇಂಕಿನಲ್ಲಿ ಬರೆದೆ: "ದಿನ ಎಣಿಸಲು ಬರುವುದಿಲ್ಲ."

ಪುಟ ತಿರುಗಿಸಿದೆ. ಆರನೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ಎಂಟಕ್ಕೆಂಟು ಮನೆಯ ಚದುರಂಗದ ಹಾಸಿನಲ್ಲಿ ಕರ್ಣದ ಎದುರುಬದುರಿನ ಎರಡು ಮೂಲೆಯ ಮನೆ ಕತ್ತರಿಸಿದ್ದಾರೆ. ಒಂದೊಂದೂ ಅಕ್ಕಪಕ್ಕದ ಎರಡು ಮನೆ ಮುಚ್ಚುವ ಬಿಲ್ಲೆಗಳಿಂದ ಉಳಿದ ಅರವತ್ತೆರಡನ್ನು ಪೂರ್ತಿ ಮುಚ್ಚಬಹುದೇ? ಕನ್ನಡ ಪತ್ರಿಕೆಗಳಲ್ಲಿ ಇದನ್ನು ಬಿಡಿಸಿದವಳು ಅವಳೊಬ್ಬಳೇ. ಅವಳು ಬರೆದಿದ್ದಳು: "ಅಪ್ಪ ನೆಲಕ್ಕೆ ಫರಶಿ ಕಲ್ಲು ಹಾಕುವಾಗ ನೋಡಿದ್ದೇನೆ. ಒಂದು ಬಿಲ್ಲೆ ಎಲ್ಲಿ ಇಟ್ಟರೂ ಒಂದು ಕರಿ ಮನೆ, ಒಂದು ಬಿಳಿ ಮನೆ ಮುಚ್ಚುತ್ತದೆ. ಕತ್ತರಿಸಿದ ಎರಡೂ ಮೂಲೆ ಒಂದೇ ಬಣ್ಣ. ಕರಿ ಮತ್ತು ಬಿಳಿ ಸಮ ಉಳಿದಿಲ್ಲ. ಆಗುವುದಿಲ್ಲ." ಇದಕ್ಕಿಂತ ಚೆನ್ನಾಗಿ ಲೇಲೆ ಸರ್ ಕೂಡ ಬರೆದಿರಲಿಲ್ಲ.

ಆಗ ನನಗೆ ಬಂದ ಯೋಚನೆಯನ್ನೂ ಹೇಳಿಬಿಡುತ್ತೇನೆ. ಕಾಪಿ ಹೊಡೆದಿದ್ದಾಳೆ ಅಂದುಕೊಂಡೆ. ಸುಲಭದ್ದು ತಪ್ಪು, ಕಷ್ಟದ್ದು ಸರಿ, ಇದು ಹೇಗೆ ಸಾಧ್ಯ? ಆದರೆ ಯಾರದನ್ನು ನೋಡಿ ಬರೆದಾಳು, ಬೇರೆ ಯಾರೂ ಬಿಡಿಸಿಯೇ ಇಲ್ಲ. ಆರನೆಯದಕ್ಕೆ ಪೂರ್ತಿ ಅಂಕ ಕೊಟ್ಟು ಕಟ್ಟಿಟ್ಟೆ. ಒಟ್ಟು ಕೂಡಿಸಿದಾಗ ಕ್ಯಾಂಪಿಗೆ ಒಂಬತ್ತು ಅಂಕ ಕಮ್ಮಿ ಬಿತ್ತು. ಮೊದಲನೆಯ ಪ್ರಶ್ನೆಗೆ ಹನ್ನೆರಡು ಅಂಕ ಇದ್ದವು.

ಫಲಿತಾಂಶ ಹಾಕಿದ ಮೇಲೆ ಒಂದು ಶನಿವಾರ ಮಕ್ಕಳು ಬಂದು ತಮ್ಮ ಪತ್ರಿಕೆ ನೋಡಬಹುದಿತ್ತು. ಶರಣಮ್ಮ ತನ್ನ ತಾಯಿಯ ಜೊತೆ ಬಂದಳು. ಎರಡು ಜಡೆ, ಶಾಲೆಯ ಯೂನಿಫಾರಮ್ಮು. ಕಲಬುರಗಿ ಕಡೆಯವರು, ಅಪ್ಪ ಕಟ್ಟಡಗಳಲ್ಲಿ ಫರಶಿ ಕೂರಿಸುವವನು, ಸಾಂತಾಕ್ರೂಜಿನಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನ ಪಕ್ಕದ ಶೆಡ್ಡಿನಲ್ಲಿ ವಾಸ. ಹುಡುಗಿ ಪತ್ರಿಕೆ ತೆರೆದು ಅಂಕ ನೋಡಲೇ ಇಲ್ಲ. ಕೆಂಪು ಸಾಲಿನ ಮೇಲೆ ಬೆರಳಿಟ್ಟಳು.

"ಟೀಚರ್, ನನಗ ದಿನ ಎಣಸಾಕ ಬರ್ತದ್ರಿ."

"ಬಂದಿದ್ರೆ ಹೀಗೆ ಬರೀತಿದ್ಯಾ? ಎಂಟೆರಡ್ಲ ಎಷ್ಟು?"

"ಹದಿನಾರ್ರಿ."

"ಮತ್ತೆ ಹದಿನೈದು ಅಂತ ಬರೆದಿದೀಯಲ್ಲ."

"ಅದು ಮಗ್ಗಿ ಅಲ್ರಿ, ದಿನ ಅದಾವ್ರಿ" ಅಂದಳು. "ಎಂಟ ದಿನ ಅಂದ್ರ ಒಂದ ವಾರ. ಹದಿನೈದ ದಿನ ಅಂದ್ರ ಎರಡ ವಾರ. ಸೋಮಾರ ಬಂದಾಂವ ಸೋಮಾರನ ಬರ್ತಾನಲ್ರಿ."

ತಾಯಿ ಸೆರಗು ಹಿಡಿದು ಮುಂದೆ ಬಂದಳು. "ಅಕ್ಕೋರೆ, ಸಿಟ್ಟಾಗಬ್ಯಾಡ್ರಿ" ಅಂದಳು. "ನಮ್ಮ ಕಡೆ ರದ್ದಿಯಾಂವ ಹ್ವಾದ ಸೋಮಾರ ಬಂದಿದ್ದ. ಎಂಟ ದಿನಕ್ಕ ಬರ್ತೀನಂದ. ಈ ಸೋಮಾರ ಬಂದ. ಹುಡುಗಿ ತಪ್ಪ ಏನ ಬರದಾಳ್ರಿ?"

ಮೈಸೂರಿನಲ್ಲಿ ನಮ್ಮಮ್ಮನೂ ಹಾಗೇ ಅನ್ನುತ್ತಿದ್ದಳು. "ಎಂಟು ದಿನ ಇದ್ದು ಹೋಗೇ" ಅಂದರೆ ಒಂದು ವಾರ ಇದ್ದು ಹೋಗು ಅಂತ. ಹದಿನೈದು ದಿನಕ್ಕೆ ಬರ್ತೀನಿ ಅಂತ ಅಪ್ಪ ಗುರುವಾರ ಊರಿಗೆ ಹೋದರೆ ಗುರುವಾರವೇ ಬರುತ್ತಿದ್ದ. ನಾನೂ ಹಾಗೇ ಅನ್ನುತ್ತೇನೆ, ನನ್ನ ಪಕ್ಕದ ಮನೆಯವರೂ ಹಾಗೇ ಅನ್ನುತ್ತಾರೆ. ಹುಟ್ಟಿದಾರಭ್ಯ ಆಡಿದ ಮಾತು ಕೈಯಲ್ಲಿ ಕೆಂಪು ಪೆನ್ನು ಹಿಡಿದಾಗ ಎಲ್ಲಿ ಹೋಗಿತ್ತು?

ಹಡಗು ಅಂದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಹಡಗಿನ ಎಂಟು ದಿನ ಪುಸ್ತಕದ ಎಂಟು ದಿನ. ರದ್ದಿವಾಲಾನನ್ನು ತಂದದ್ದು ನಾನು, ಅವನು ತನ್ನ ಎಂಟು ದಿನವನ್ನೂ ಗೋಣಿಯಲ್ಲಿ ಹಾಕಿಕೊಂಡೇ ಬಂದ. ಕನ್ನಡ ಅರ್ಧಂಬರ್ಧ ಬರುವ ಮಕ್ಕಳು ಮಂಗಳವಾರ ಅಂದು ಪಾಸಾದವು. ಕನ್ನಡ ಪೂರ್ತಿ ಬರುವ ಹುಡುಗಿ ಸೋಮವಾರ ಅಂದು ಬಿದ್ದಳು. ಇದಕ್ಕೆ ಏನನ್ನಬೇಕು?

ಅವರನ್ನು ಕೂರಿಸಿ ಒಳಗಿನ ಕೋಣೆಗೆ ಹೋಗಿ ಲೇಲೆ ಸರ್‌ಗೆ ಹೇಳಿದೆ. ಅವರು ಮಾತಾಡುವುದು ಮರಾಠಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಎಂಟು ಅಂದರೆ ಏಳು ಅನ್ನೋದು ಯಾವ ಗಣಿತ, ಬಾಯಿ?" ಅಂದರು. ಮರಾಠಿಯಲ್ಲಿ ಟೀಚರಮ್ಮನಿಗೆ ಬಾಯಿ ಅನ್ನುತ್ತಾರೆ.

"ಗಣಿತ ಅಲ್ಲ ಸರ್, ಮಾತು."

"ಗಣಿತಕ್ಕೆ ಭಾಷೆ ಇಲ್ಲ ಅಂತ ಎಷ್ಟು ಸಲ ಹೇಳಿದೀನಿ? ನಾಳೆ ಇನ್ನೊಬ್ಬ ಬಂದು ನಮ್ಮೂರಲ್ಲಿ ಹತ್ತು ಅಂದರೆ ಒಂಬತ್ತು ಅಂತಾನೆ. ಅವನಿಗೂ ಅಂಕ ಕೊಡೋಣವೇ?"

ಅವರ ಮಾತಿನಲ್ಲೂ ಹುರುಳಿತ್ತು. ಎರಡು ನಿಮಿಷ ನಾನೂ ಅವರ ಕಡೆಯವಳೇ ಆಗಿಬಿಟ್ಟೆ. ವಾಪಸು ಹೋಗಿ ಆಗಲ್ಲಮ್ಮ ಅನ್ನೋಣ ಅಂದುಕೊಂಡೆ. ಗೋಡೆಯ ಮೇಲೆ ಮರಾಠಿ ಕ್ಯಾಲೆಂಡರ್ ಇತ್ತು. ಅದನ್ನು ನೋಡುತ್ತಾ ಸುಮ್ಮನೆ ಕೇಳಿದೆ.

"ಸರ್, ಮರಾಠಿಯಲ್ಲಿ ವಾರಕ್ಕೆ ಏನಂತೀರಿ?"

"ಆಠವಡಾ."

"ಅದರಲ್ಲಿ ಆಠ್ ಯಾಕೆ ಬಂತು ಸರ್?"

ಲೇಲೆ ಸರ್ ಆಠವಡಾ, ಆಠವಡಾ ಎಂದು ಎರಡು ಸಲ ಅಂದುಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಪ್ಪತ್ತು ವರ್ಷ ಆಡಿದ ಶಬ್ದ, ಅದರೊಳಗೆ ಎಂಟು ಕೂತಿರುವುದು ಅವರ ಕಿವಿಗೆ ಬಿದ್ದದ್ದು ಅವತ್ತೇ. ಆಮೇಲೆ, "ಕನ್ನಡ ಪತ್ರಿಕೆ ಎಲ್ಲಾ ಮತ್ತೆ ನೋಡಿ. ಎರಡೂ ಉತ್ತರ ಒಪ್ಪೋಣ. ಎಂಟು ದಿನದಲ್ಲಿ ಮುಗಿಸಿ" ಅಂದವರು, ನಾಲಿಗೆ ಕಚ್ಚಿಕೊಂಡು, "ಬರುವ ಶನಿವಾರ" ಎಂದು ತಿದ್ದಿಕೊಂಡರು. ಇಬ್ಬರೂ ನಕ್ಕೆವು.

ಆ ವಾರ ಅರವತ್ತು ಚಿಲ್ಲರೆ ಪತ್ರಿಕೆ ಮತ್ತೆ ನೋಡಿದೆ. ಸಂಕಟ ಶುರುವಾದದ್ದು ಅಲ್ಲಿ. ಐದಾರು ಪತ್ರಿಕೆಗಳಲ್ಲಿ ಮೊದಲು ಸೋಮವಾರ ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಮಂಗಳವಾರ ಎಂದು ಬರೆದಿದ್ದವು ಮಕ್ಕಳು. ಮೊದಲ ಸಲ ತಿದ್ದುವಾಗ ಆ ಹೊಡೆದ ಸೋಮವಾರಗಳನ್ನು ನಾನು ನೋಡಿಯೇ ಇರಲಿಲ್ಲ. ಈ ಮಕ್ಕಳಿಗೆ ಎರಡೂ ಗೊತ್ತಿತ್ತು. ಮನೆಯ ಎಂಟನ್ನು ಹೊಡೆದು ಶಾಲೆಯ ಎಂಟನ್ನು ಬರೆದರೆ ಅಂಕ ಬರುತ್ತದೆ ಎಂದೂ ಗೊತ್ತಿತ್ತು. ಇವರು ಹೆಚ್ಚು ಜಾಣರೋ, ಹೊಡೆಯದೆ ಬಿಟ್ಟ ಶರಣಮ್ಮ ಹೆಚ್ಚು ಜಾಣೆಯೋ? ಯೋಚಿಸಿ ಯೋಚಿಸಿ ತಲೆ ಮೊಸರುಗಡಿಗೆ ಆಯಿತು. ಹಿಂದಿನ ವರ್ಷಗಳ ಪತ್ರಿಕೆ ತೆಗೆದು ನೋಡೋಣ, ಎಷ್ಟು ಮಕ್ಕಳಿಗೆ ಹೀಗೆ ಷರಾ ಬರೆದಿದ್ದೇನೋ ಅನ್ನಿಸಿತು. ಅವೆಲ್ಲ ಮನೆಯ ಅಟ್ಟದ ಮೇಲಿದ್ದವು, ಜಾಗ ಸಾಲದೆ ನಾನೇ ಯಾವತ್ತೋ ರದ್ದಿವಾಲಾನಿಗೆ ಹಾಕಿದ್ದೆ.

ಶರಣಮ್ಮನ ಪತ್ರಿಕೆಗೆ ಹನ್ನೆರಡು ಅಂಕ ಹಾಕಿದೆ. ಷರಾದ ಮೇಲೆ ಅಡ್ಡಗೆರೆ ಎಳೆದೆ. ಕೆಂಪು ಇಂಕು ಹೊಡೆದರೂ ಓದಲಿಕ್ಕೆ ಬರುತ್ತಿತ್ತು.

ಶನಿವಾರ ತಾಯಿ ಮಗಳು ಮತ್ತೆ ಬಂದರು. ಕ್ಯಾಂಪಿನ ಪಟ್ಟಿಯ ಕೊನೆಯಲ್ಲಿ ಅವಳ ಹೆಸರನ್ನು ಕೈಯಲ್ಲಿ ಬರೆದು ಸೇರಿಸಿದ್ದರು. ಉಳಿದ ಮಕ್ಕಳಿಗೆ ತಾರೀಕು ಹಾಕಿದ ಪತ್ರ ಆಗಲೇ ಹೋಗಿತ್ತು. ಇವಳಿಗೆ ಬಾಯಲ್ಲೇ ಹೇಳಿಬಿಡಿ ಅಂದರು ಲೇಲೆ ಸರ್. ತಾಯಿ ಹೇಳಿದಳು, ಗಂಡ ಅವತ್ತೇ ಸಂಜೆಯ ಗಾಡಿಗೆ ಊರಿಗೆ ಹೋಗುತ್ತಾನೆ, ಕ್ಯಾಂಪು ಮುಗಿಯುವತನಕ ತಾನೂ ಮಗಳೂ ಇಲ್ಲೇ ಇರುತ್ತೇವೆ ಅಂತ. ಹುಡುಗಿ ಪಟ್ಟಿಯಲ್ಲಿ ತನ್ನ ಹೆಸರನ್ನೇ ನೋಡುತ್ತಿದ್ದಳು.

ನನಗೆ ಟೀಚರ್‌ಗಿರಿ ಸುಮ್ಮನಿರಗೊಡಲಿಲ್ಲ. ಅವಳನ್ನು ಹತ್ತಿರ ಕರೆದು ಉಪದೇಶ ಮಾಡಿದೆ. "ನೋಡಮ್ಮ, ಈ ಸಲ ನಡೀತು. ಮುಂದೆ ನಡೆಯಲ್ಲ. ಇಲ್ಲಿ ಎಂಟು ಅಂದ್ರೆ ಎಂಟೇ. ಹದಿನೈದು ಅಂದ್ರೆ ಹದಿನೈದೇ. ಮನೆ ಲೆಕ್ಕ ಮನೇಲಿರಲಿ. ತಿಳೀತಾ?"

"ಹೂನ್ರಿ ಟೀಚರ್."

"ಇನ್ನೊಂದು ಸಲ ಎಣಿಸೋದು ತಪ್ಪಬೇಡ."

"ಇಲ್ರಿ."

"ಕ್ಯಾಂಪು ಇವತ್ತಿಗೆ ಹದಿನೈದು ದಿನಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಇಲ್ಲೇ ಇರಬೇಕು."

ಓದುತ್ತಿರುವ ನಿನಗೆ ಈಗಲೇ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ.

ಕ್ಯಾಂಪಿನ ಶನಿವಾರ ಬಂತು. ಆಫೀಸಿನ ಪಕ್ಕದ ಹಾಲ್‌ನಲ್ಲಿ ಮಕ್ಕಳು ಸಾಲಾಗಿ ಕೂತಿದ್ದವು. ಲೇಲೆ ಸರ್ ಹಾಜರಿ ಕೂಗಿದರು. ಕೊನೆಯ ಹೆಸರನ್ನು ಮೂರು ಸಲ ಕೂಗಿದರು, ಉತ್ತರವಿಲ್ಲ. ಮೊದಲ ದಿನ ಬಾರದವರ ಜಾಗ ಕಾದಿರುವ ಪಟ್ಟಿಯಲ್ಲಿ ಮುಂದಿನವರಿಗೆ, ಅದು ನಿಯಮ. ಮುಂದಿನವನ ಅಪ್ಪ ಹೊರಗೆ ಬೆಂಚಿನ ಮೇಲೆ ಕೂತೇ ಇದ್ದರು. ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅದು ಅಪ್ಪನದು, ಕಲಬುರಗಿಯ ಯಾವ ಮೂಲೆಯಲ್ಲಿತ್ತೋ, ಹತ್ತಲಿಲ್ಲ. ಶೆಡ್ಡಿನ ವಿಳಾಸ ಅರ್ಜಿಯಲ್ಲಿರಲಿಲ್ಲ. ನನಗೆ ಸಿಟ್ಟು ಬಂತು. ಇವರಿಗಾಗಿ ನಾನು ಇಷ್ಟು ಗುದ್ದಾಡಿದೆ, ಇವರು ಊರಿಗೆ ಹೊರಟುಹೋದರು, ಇಷ್ಟೇ ಇವರ ಹಣೆಬರಹ ಅಂದುಕೊಂಡೆ. ಹೀಗೆ ಅಂದುಕೊಂಡೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅದೇ ಮರಾಠಿ ಕ್ಯಾಲೆಂಡರಿನ ಮುಂದೆ ನಿಂತಿದ್ದೆ. ಕೈ ತಾನಾಗೇ ಹೋಯಿತು. ಭಾನುವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ಬೆರಳು ಇವತ್ತಿನ ಶನಿವಾರಕ್ಕೆ ಬಂದಾಗ ಹದಿನಾಲ್ಕಾಗಿತ್ತು. ಹದಿನೈದು, ನಾಳೆ. ಹದಿನೈದು ಅಂದ್ರೆ ಹದಿನೈದೇ ಎಂದು ಅವಳಿಗೆ ಹೇಳಿ ಬಾಯಿ ಮುಚ್ಚುವ ಮೊದಲೇ ನಮ್ಮಮ್ಮನ ಹದಿನೈದನ್ನು ಅವಳಿಗೆ ಹೇಳಿ ಕಳಿಸಿದ್ದೆ.

ಲೇಲೆ ಸರ್‌ಗೆ ಹೇಳಿದೆ. ಅವರು ನಗಲಿಲ್ಲ. "ನಾಳೆ ಬರುತ್ತಾಳೆ ಅಂತ ನಿಮಗೆ ಖಾತ್ರಿ ಇದೆಯೇ?" ಅಂದರು. ಏನೆಂದು ಹೇಳಲಿ? ನನ್ನ ಮಾತು ಕೇಳಿ ಎಣಿಸುತ್ತಿದ್ದರೆ ನಾಳೆ ಬರುತ್ತಾಳೆ. ಊರಿಗೆ ಹೋಗಿದ್ದರೆ ಬರುವುದಿಲ್ಲ. ಇವತ್ತು ಬಂದಿಲ್ಲ ಅನ್ನುವುದು ಎರಡಕ್ಕೂ ಹೊಂದುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಸಾಧಿಸಿ, ಸಾಧಿಸಿ ಅಂದವಳು, ಇದೊಂದನ್ನು ಸಾಧಿಸಲು ನನ್ನಿಂದ ಆಗಲಿಲ್ಲ. "ಗೊತ್ತಿಲ್ಲ ಸರ್" ಅಂದೆ.

"ನಾಳೆ ಒಂಬತ್ತರವರೆಗೆ ಕಾಯೋಣ. ಆಮೇಲೆ ಆ ಹುಡುಗನಿಗೆ ಕೊಡಬೇಕಾಗುತ್ತದೆ" ಅಂದರು ಲೇಲೆ ಸರ್. ಅವರು ಬೆಂಚಿನ ಮೇಲಿದ್ದವರಿಗೆ ಹೇಳಿ ಕಳಿಸಿದರು. ನಾನು ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ದಾದರ್, ಅಲ್ಲಿಂದ ಲೋಕಲ್ ಹಿಡಿದು ಗ್ರಾಂಟ್ ರೋಡ್. ಎಂಟಕ್ಕೇ ಕಟ್ಟಡದ ಗೇಟಿನ ಹತ್ತಿರ ನಿಂತೆ. ಕೆಳಗಿನ ಹೋಟೆಲಿನವರು ಚಹಾ ಕೊಟ್ಟರು, ಆರಿಹೋಯಿತು. ಎಂಟೂವರೆ ಆಯಿತು. ಆ ಹುಡುಗ ಅಪ್ಪನ ಜೊತೆ ಬಂದು ನನಗೆ ನಮಸ್ಕಾರ ಮಾಡಿ ಮೇಲೆ ಹೋದ. ಒಳ್ಳೆಯ ಹುಡುಗನೇ, ಅವನದೇನು ತಪ್ಪು? ಎಂಟೂ ಮುಕ್ಕಾಲಾಯಿತು. ಭಾನುವಾರ ಲೋಕಲ್ ಕಮ್ಮಿ. ಸ್ಟೇಷನ್ನಿನ ಕಡೆಯಿಂದ ಬರುವ ಪ್ರತಿ ಎರಡು ಜಡೆಯನ್ನೂ ನೋಡಿದೆ.

ಒಂಬತ್ತಕ್ಕೆ ಏಳು ನಿಮಿಷ ಇದ್ದಾಗ ರಸ್ತೆಯ ಆ ಬದಿಯಲ್ಲಿ ಕಂಡಳು. ಬೆನ್ನಿಗೆ ಚೀಲ, ಹಿಂದೆ ತಾಯಿ. ಓಡುತ್ತಿರಲಿಲ್ಲ. ವೇಳೆಗೆ ಸರಿಯಾಗಿ ಬಂದವರು ನಡೆಯುವ ಹಾಗೆ ನಡೆದು ಬಂದಳು.

"ಟೀಚರ್, ಇವತ್ತಿಗಿ ಹದಿನೈದ ಆದ್ವರಿ" ಅಂದಳು. "ಅವ್ವ ನಿನ್ನೀನ ಹೋಗೂಣು ನಡಿ ಅಂದಳ್ರಿ. ನಾನ ಬ್ಯಾಡ ಅಂದ್ಯಾ. ಟೀಚರ್ ಹೇಳ್ಯಾರ, ಹದಿನೈದಂದ್ರ ಹದಿನೈದ ಅಂತ. ಎಣಸೀನ್ರಿ, ತಪ್ಪಿಲ್ಲ."

ತಾಯಿ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲಾ ಗೊತ್ತಾಯಿತೆಂದು ಕಾಣುತ್ತದೆ.

"ಸರಿಯಾಗಿ ಎಣಿಸಿದೀಯ ಕಣಮ್ಮ" ಅಂದೆ. ಅವಳ ಕೈ ಹಿಡಿದು ಮೆಟ್ಟಿಲು ಹತ್ತಿದೆ.

ಲೇಲೆ ಸರ್ ಹಾಜರಿ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದರು. ಗಡಿಯಾರ ನೋಡಿದರು, ಹುಡುಗಿಯನ್ನು ನೋಡಿದರು. ಇವತ್ತಿನ ಮನೆಯಲ್ಲಿ ಅವಳಿಗೆ ಹಾಜರಿ ಹಾಕಿದರು. ಅವಳ ಜಾಗ ಅವಳಿಗೆ ಉಳಿಯಿತು. ಆಮೇಲೆ ನಿನ್ನೆಯ ಖಾಲಿ ಮನೆಯ ಮೇಲೆ ಪೆನ್ನಿನ ತುದಿ ಇಟ್ಟು, "ನಿನ್ನೆಯದಕ್ಕೆ ಷರಾ ಏನು ಬರೆಯಲಿ, ಬಾಯಿ? ಕಾರಣ ಬೇಕಲ್ಲ" ಎಂದು ಕೇಳಿದರು. ಶರಣಮ್ಮ ಅರ್ಥವಾಗದೆ ನನ್ನ ಮುಖ ನೋಡಿದಳು, ನಿನ್ನೆ ಏನಿತ್ತು ಅನ್ನುವ ಹಾಗೆ.

ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಚೀಲದಿಂದ ಕೆಂಪು ಪೆನ್ನು ತೆಗೆದು ಷರಾ ಕಾಲಮ್ಮಿನಲ್ಲಿ ಕನ್ನಡದಲ್ಲಿ ಬರೆದೆ: "ದಿನ ಎಣಿಸಲು ಬರುವುದಿಲ್ಲ." ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ.